ಬಿಳಿ ಕೋಟಿನ ಮೇಲೆ ಮೂರು ಹನಿ

"ಈ ಕೋಟಿಗೆ ಮೊದಲಿಂದ ಕೊನೆವರೆಗೂ ಒಂದೇ ಕೈ ತಾಗಬೇಕು. ಅದು ನನ್ನ ಕೈ."

ದರ್ಜಿ ಮಾಸ್ಟರು ಬೆಳಗಿನ ಚಹಾದ ಲೋಟವನ್ನು ನ್ಯಾಯಾಧೀಶರ ಸುತ್ತಿಗೆಯಂತೆ ಮೇಜಿನ ಮೇಲೆ ಕುಟ್ಟಿ ತೀರ್ಪು ಕೊಟ್ಟರು. ಚಹಾ ತುಳುಕಿತು. ಹೆಂಡತಿ ಬಟ್ಟೆ ತಂದು ಒರೆಸಿದಳು. ಮೂಲೆಯಲ್ಲಿ ಕೂತು ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದ್ದಿದ ತುಂಡು ಲೋಟದೊಳಗೆ ಕಳಚಿ ಬೀಳುವವರೆಗೂ ಅಳಿಯನ ಮುಖವನ್ನೇ ನೋಡಿದರು.

"ಒಂದೇ ಕೈ ಅಂದ್ರೆ, ಸೂಜಿ ಹಿಡಿಯೋದು ಯಾವ ಕೈ, ಬಟ್ಟೆ ಹಿಡಿಯೋದು ಯಾವ ಕೈ?" ಎಂದರು.

"ಅದು ಮಾತಿನ ರೀತಿ, ಅತ್ತೆ. ಒಬ್ಬನದೇ ಕೆಲಸ ಅಂತ ಅರ್ಥ. ಆಸ್ಪತ್ರೆ ಮೇಟ್ರನ್‌ಗೂ ಹಾಗೇ ಹೇಳಿ ಬಂದಿದೀನಿ."

"ಹೇಳಿ ಬಂದಾಯ್ತಲ್ಲ, ಇನ್ನೇನು," ಎಂದಳು ಹೆಂಡತಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಈ ಮನೆಯಲ್ಲಿ ಗುಂಡಿ ಹಾಕುವುದು, ಅಂಚು ಮಡಚುವುದು, ಜೇಬಿನ ಮೂಲೆಗೆ ಗಟ್ಟಿ ಹೊಲಿಗೆ ಹಾಕುವುದು ಎಲ್ಲ ಅವಳ ಕೆಲಸ. ಅದನ್ನು ಮಾಸ್ಟರು ಮರೆತಿರಲಿಲ್ಲ. ದಾದಿಯರ ಮುಖ್ಯಸ್ಥೆಯಾದ ಆ ಮೇಟ್ರನ್ ಎದುರಿಗೆ ಎದೆ ಉಬ್ಬಿದ್ದ ಗಳಿಗೆಯಲ್ಲಿ ಅದು ಬಾಯಿಗೆ ಬರಲಿಲ್ಲ, ಅಷ್ಟೆ.

ಬೀದಿಯವರು ಅವರನ್ನು ಮಿಲಿಮೀಟರ್ ಮಾಸ್ಟರ್ ಎಂದು ಕರೆಯುತ್ತಿದ್ದರು. ಕೊರಳಲ್ಲಿ ಟೇಪು ಇಲ್ಲದಿದ್ದರೆ ಅವರಿಗೆ ಮೈಮೇಲೆ ಬಟ್ಟೆಯೇ ಇಲ್ಲವೆನಿಸುತ್ತಿತ್ತು. ಒಮ್ಮೆ ಗಿರಾಕಿಯೊಬ್ಬರಿಗೆ ಎಡಗೈ ಬಲಗೈಗಿಂತ ತುಸು ಉದ್ದವೆಂದು ತಿಳಿಸಿದ್ದರು. ಐವತ್ತು ವರ್ಷ ನೆಮ್ಮದಿಯಾಗಿದ್ದ ಆ ಮನುಷ್ಯ ಅಂದಿನಿಂದ ಕೈಕಟ್ಟಿಕೊಂಡೇ ನಡೆಯುತ್ತಿದ್ದಾರೆ.

ಆದರೆ ಮಿಲಿಮೀಟರಿನ ಕಾಲ ಮುಗಿಯುತ್ತ ಬಂದಿತ್ತು. ಅಂಗಡಿಯ ಎದುರಿಗೇ, ಬೀದಿಯ ಆಚೆ ಬದಿ, ಸಿದ್ಧ ಉಡುಪಿನ ದೊಡ್ಡ ಮಳಿಗೆ ತೆರೆದಿತ್ತು. ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗಳು ಒಳ್ಳೊಳ್ಳೆಯ ಅಂಗಿ ತೊಟ್ಟು ನಿಂತಿದ್ದವು. ಅದರ ಮಾಲೀಕ ಕೆಟ್ಟವನೇನಲ್ಲ. ಒಂದು ಸಂಜೆ ಬೀದಿ ದಾಟಿ ಬಂದು, "ಮಾಸ್ಟರ್, ನಮ್ಮಲ್ಲಿ ಒಂದು ಮೂಲೇಲಿ ಸ್ಟೂಲ್ ಹಾಕಿಸ್ತೀನಿ. ಪ್ಯಾಂಟಿನ ಕಾಲು ಮಡಚಿಕೊಡಿ, ಸಾಕು" ಎಂದಿದ್ದ. ಮಾಸ್ಟರು ಆ ರಾತ್ರಿ ಊಟ ಮಾಡಲಿಲ್ಲ. ಸ್ಟೂಲ್ ಎಂಬ ಪದ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಇಂಥ ಹೊತ್ತಿಗೆ ಊರ ಆಸ್ಪತ್ರೆಗೆ ಹೊಸ ಕೋಟುಗಳು ಬೇಕಾದವು. ವೈದ್ಯರಿಗೆ, ದಾದಿಯರಿಗೆ, ಪ್ರಯೋಗಾಲಯದವರಿಗೆ, ಎಲ್ಲರಿಗೂ. ಒಂದು ಮಾದರಿ ಕೋಟು ಹೊಲಿದಿಡಿ, ಬಂದು ನೋಡುತ್ತೇನೆ, ಒಪ್ಪಿಗೆಯಾದರೆ ಎಲ್ಲ ನಿಮಗೇ, ಇಲ್ಲದಿದ್ದರೆ ಎದುರಿನ ಮಳಿಗೆಗೆ ಎಂದು ಮೇಟ್ರನ್ ನೇರವಾಗಿ ಹೇಳಿದ್ದರು. ಅಳತೆಗೆ ತಮ್ಮದೇ ಹಳೆಯ ಕೋಟು ಕೊಟ್ಟಿದ್ದರು. ಇಂದು ಮಧ್ಯಾಹ್ನ ನಾಲ್ಕಕ್ಕೆ ಅವರು ಬರುವವರಿದ್ದರು. ಕೋಟು ಒಪ್ಪಿಗೆಯಾದರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಸ್ಟೂಲ್.

ಕೋಟು ಬಹುಪಾಲು ಮುಗಿದಿತ್ತು. ಉಳಿದದ್ದು ಕೊನೆಯ ಕೈಕೆಲಸ ಮತ್ತು ಇಸ್ತ್ರಿ. ಅದಕ್ಕಾಗಿ ಮಾಸ್ಟರು ಮಾಡಿಕೊಂಡ ಸಿದ್ಧತೆಯನ್ನು ಆಸ್ಪತ್ರೆಯವರು ನೋಡಿದ್ದರೆ ಶಸ್ತ್ರಚಿಕಿತ್ಸೆಯ ಕೋಣೆಯನ್ನೇ ಇಲ್ಲಿಗೆ ಸ್ಥಳಾಂತರಿಸುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಒಂದು ಪರದೆ, ಆಚೆ ಮನೆ. ಆ ಕೋಣೆಯ ಕಿಟಕಿಗಳನ್ನು ಬೀದಿಯ ಧೂಳು ಬಾರದಂತೆ ಮುಚ್ಚಿ, ಸಂದಿಗೆಲ್ಲ ಕತ್ತರಿಸಿದ ಬಟ್ಟೆಯ ಚೂರು ತುರುಕಿದರು. ದಾರದ ಎಳೆ ಹಾರದಂತೆ ಫ್ಯಾನು ನಿಲ್ಲಿಸಿದರು. ಚಳಿಗಾಲದ ಪಸೆಗೆ ಬಟ್ಟೆ ಮೆತ್ತಗಾಗದಿರಲೆಂದು ವಿದ್ಯುತ್ ಒಲೆಯೊಂದನ್ನು ಕಾಲಬಳಿ ಹಚ್ಚಿಟ್ಟರು. ಮೇಜಿಗೆ ಒಗೆದ ಹಾಸಿಗೆ ವಸ್ತ್ರ ಹಾಸಿದರು. ಗುರುತು ಹಾಕುವ ಸೀಮೆಸುಣ್ಣದ ಪುಡಿ ಮೂಗಿಗೆ ಹತ್ತಿ ಸೀನು ಬರದಿರಲೆಂದು ಮೂಗು ಒರೆಸಿಕೊಳ್ಳಲು ಒಂದು ಬಟ್ಟೆಯನ್ನೂ ಜೇಬಿನಲ್ಲಿಟ್ಟುಕೊಂಡರು. ಅದು ಶಾಲಾ ಚೀಲ ಹೊಲಿದು ಉಳಿದ ಕಡುಗೆಂಪು ಕ್ಯಾನ್ವಾಸಿನ ತುಂಡು. ಬಿಳಿ ಬಟ್ಟೆಯಾದರೆ ಎಳೆ ಬಿಡುತ್ತದೆ, ಕ್ಯಾನ್ವಾಸು ಬಿಡುವುದಿಲ್ಲ ಎಂಬುದು ಅವರ ದೂರದೃಷ್ಟಿ.

ಪರದೆ ಸರಿಸಿ ಇಣುಕಿದ ಹೆಂಡತಿಯ ಮುಖಕ್ಕೆ ಒಲೆಯ ಝಳ ಬಡಿಯಿತು.

"ಏನ್ರೀ ಇದು, ಕೋಟು ಹೊಲೀತಿದೀರೋ, ಬೇಯಿಸ್ತಿದೀರೋ?"

"ಪರದೆ ಬಿಡು. ಧೂಳು ಬರತ್ತೆ."

"ಬಾಯಲ್ಲಿ ಪಿನ್ನು ಇಟ್ಕೊಂಡು ಮಾತಾಡಬೇಡಿ ಅಂತ ಎಷ್ಟು ಸಲ ಹೇಳಿಲ್ಲ? ನುಂಗಿಬಿಟ್ಟೀರಿ."

ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಿದ್ದ ಪಿನ್ನುಗಳ ಸಂದಿಯಿಂದಲೇ ಮಾಸ್ಟರು, "ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ಬಟ್ಟೆಗೂ ಕಲೆ ಆಗಿಲ್ಲ" ಎಂದರು. ಅವಳು ಕೇಳಿದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅವಳು ಪರದೆ ಬಿಟ್ಟಳು.

ಬೆಳಗು ಹೀಗೆ ಸರಿಯಿತು. ಬಿಸಿಗಾಳಿಯಲ್ಲಿ ಮೂಗಿನ ಒಳಗೆ ಹಕ್ಕಳೆ ಕಟ್ಟಿದಂತಾಗಿ ತುರಿಸುತ್ತಿತ್ತು. ಮಾಸ್ಟರು ಕ್ಯಾನ್ವಾಸು ತೆಗೆದು ಉಜ್ಜುತ್ತಿದ್ದರು, ಮತ್ತೆ ಬಾಗುತ್ತಿದ್ದರು, ಮತ್ತೆ ಉಜ್ಜುತ್ತಿದ್ದರು. ಊಟದ ಹೊತ್ತಿಗೆ ಕೋಟನ್ನು ಮೇಜಿನ ಮೇಲೆ ಮಲಗಿಸಿ, ನಿದ್ದೆ ಹೋದ ಮಗುವನ್ನು ಬಿಟ್ಟು ಬರುವವರಂತೆ ಹಿಮ್ಮೆಟ್ಟಿ ಒಳಗೆ ಹೋದರು. ಉಂಡು, ಅಭ್ಯಾಸದಂತೆ ಗೋಡೆಗೆ ಒರಗಿ ಒಂದಿಷ್ಟು ಕಣ್ಣು ಮುಚ್ಚಿದರು. ಎದ್ದು ಬಂದು, ಇಸ್ತ್ರಿ ಪೆಟ್ಟಿಗೆ ಬಿಸಿಯಾಗಲು ಇಟ್ಟು, ಕೋಟನ್ನು ಬೆಳಕಿಗೆ ತಿರುಗಿಸಿದರು.

ಎಡ ಜೇಬಿನ ಕೆಳಗೆ ಮೂರು ಹನಿ. ಚುಕ್ಕೆಗಿಂತ ದೊಡ್ಡವು, ಗುಂಡಿಗಿಂತ ಸಣ್ಣವು. ಕೆಂಪು. ಅಂಚಿನಲ್ಲಿ ಕಂದು ತಿರುಗುತ್ತಿರುವ, ಅನುಮಾನಕ್ಕೆ ಎಡೆಯೇ ಇಲ್ಲದ ಕೆಂಪು.

"ಇವಳೇ," ಎಂದು ಮಾಸ್ಟರು ಕರೆದರು. ದನಿ ಎಷ್ಟು ಮೆಲ್ಲಗಿತ್ತೆಂದರೆ ಹೆಂಡತಿ ಪಾತ್ರೆ ಬಿಟ್ಟು ಓಡಿಬಂದಳು. ಅವಳ ಹಿಂದೆ ಅತ್ತೆ.

ಮೂವರೂ ಸುತ್ತ ನಿಂತು ನೋಡಿದರು.

"ರಕ್ತ," ಎಂದರು ಅತ್ತೆ.

"ಅದು ಕಾಣ್ತಿದೆ ಅತ್ತೆ. ಯಾರದ್ದು?"

"ಕೋಟು ಮುಟ್ಟೋದು ಒಬ್ಬರೇ ಅಂದ್ರಲ್ಲ ಬೆಳಿಗ್ಗೆ," ಎಂದಳು ಹೆಂಡತಿ.

"ನನ್ನದಲ್ಲ." ಮಾಸ್ಟರು ಹತ್ತೂ ಬೆರಳು ಹರಡಿ ತೋರಿಸಿದರು. ಎಲ್ಲೂ ಚುಚ್ಚಿರಲಿಲ್ಲ. "ನನ್ನ ರಕ್ತ ಹೀಗೆ ಬೇಕಾಬಿಟ್ಟಿ ಬೀಳಲ್ಲ."

ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಮಾಸ್ಟರಿಗೆ ಸಮಾಧಾನವಾಗುತ್ತಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳು ಹಾಗೆ ಮಾಡಿದರೆ ಏನೋ ಇದೆಯೆಂದೇ ಅರ್ಥ.

"ನೀವು ಕಣ್ಣು ಮುಚ್ಚಿದ್ರಲ್ಲ, ಆಗ ಬಂದಿದ್ದೆ," ಎಂದಳು. "ಜೇಬಿನ ಮೂಲೆಗೆ ಗಟ್ಟಿ ಹೊಲಿಗೆ ಹಾಕೋದು ಬಿಟ್ಟಿದ್ರಿ. ಮೇಟ್ರನ್ ಬಂದು ಕೈ ಹಾಕಿದ್ರೆ ಹರಿದು ಕೈಗೆ ಬರ್ತಿತ್ತು. ನೀವು ಎದ್ದುಬಿಡ್ತೀರಿ ಅಂತ ಅವಸರದಲ್ಲಿ ನಾಲ್ಕು ಹೊಲಿಗೆ ಹಾಕಿದೆ, ಬೇರೇನೂ ನೋಡಿಲ್ಲ. ದಾರ ಹಲ್ಲಲ್ಲಿ ಕಡಿದೆ."

"ಹಲ್ಲಲ್ಲಿ?"

"ಕತ್ತರಿ ನಿಮ್ಮ ತೊಡೆ ಪಕ್ಕ ಇತ್ತು. ಮತ್ತೆ..." ಅವಳು ತಾಯಿಯ ಕಡೆ ನೋಡಿದಳು. "ಈ ವಾರ ಪೂರ್ತಿ ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ ಬರ್ತಿದೆ. ಆ ಹೊಸ ಬ್ರಶ್ಶು ಮುಳ್ಳಿನ ಹಾಗಿದೆ. ದಾರ ಕಡಿಯುವಾಗ ಬಿದ್ದಿದ್ರೂ ಬಿದ್ದಿರಬಹುದು."

ಮಾಸ್ಟರ ಮುಖದಲ್ಲಿ ಪತ್ತೇದಾರನ ಹೊಳಪು ಮೂಡುವಷ್ಟರಲ್ಲಿ ಅತ್ತೆ ಕೆಮ್ಮಿದರು.

"ಅವಳ ಮೇಲೆ ಹಾಕಬೇಡಿ. ನಾನೂ ಬಂದಿದ್ದೆ."

"ನೀವೂ?"

"ಗುಂಡಿ ಸಡಿಲ ಇತ್ತು, ಅಳಿಯಂದಿರೇ. ನೀವು ಹಾಕಿದ್ದು ನೋಡೋಕೆ ಚಂದ, ಎಳೆದ್ರೆ ಕುಣಿಯುತ್ತೆ. ಎರಡು ಸುತ್ತು ಬಿಗಿ ಮಾಡಿದೆ. ನನಗೆ ಆ ಮಾತ್ರೆ ಇದೆಯಲ್ಲ, ಹೃದಯದ್ದು, ರಕ್ತ ತೆಳು ಮಾಡೋದು. ಜೋರಾಗಿ ಸೀನಿದ್ರೂ ಮೂಗಲ್ಲಿ ಒಂದು ಹನಿ ಬರುತ್ತೆ. ಈ ಕೋಣೆಗೆ ಬಂದ ಮೇಲೆ ಸೀನಿದ್ದು ನಿಜ. ಕನ್ನಡಕ ಹಾಕಿರಲಿಲ್ಲ. ಬಿದ್ದದ್ದು ಕಾಣಿಸಿಲ್ಲ."

ಒಂದೇ ಕೈಯ ಕೋಟಿನ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿ ಇಷ್ಟು ಕೈಗಳು ಓಡಾಡಿದ್ದವು. ಮಾಸ್ಟರಿಗೆ ಕೋಪ ಬರಬೇಕಿತ್ತು. ಆದರೆ ಕೋಪಕ್ಕೆ ಹೊತ್ತಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು.

"ಬಿಸಿನೀರು ತರ್ಲಾ?" ಎಂದರು ಅತ್ತೆ.

"ಬೇಡಮ್ಮ," ಎಂದಳು ಹೆಂಡತಿ. "ಬಿಸಿ ತಾಗಿದ್ರೆ ರಕ್ತ ಬಟ್ಟೇಲಿ ಕೂತುಬಿಡುತ್ತೆ."

"ತಣ್ಣೀರು?"

"ಕಲೆ ಹರಡುತ್ತೆ," ಎಂದರು ಮಾಸ್ಟರು. ಅವರ ದನಿ ಈಗ ಗಂಭೀರವಾಯಿತು. "ಇದಕ್ಕೆ ಒಂದೇ ದಾರಿ. ನನಗೆ ಕೆಲಸ ಕಲಿಸಿದ ಹಿರಿಯ ದರ್ಜಿ ಹೇಳಿಕೊಟ್ಟದ್ದು. ಬಿಳಿ ದಾರ ಜಗಿದು ಉಂಡೆ ಮಾಡಿ, ಎಂಜಲಲ್ಲಿ ನೆನೆಸಿ ಕಲೆಗೆ ಒತ್ತಬೇಕು. ಆದರೆ ರಕ್ತ ಯಾರದ್ದೋ ಎಂಜಲೂ ಅವರದ್ದೇ ಆಗಿರಬೇಕು. ಬೇರೆಯವರದ್ದು ತಾಗಿದ್ರೆ ಕಲೆ ಜನ್ಮದಲ್ಲಿ ಹೋಗಲ್ಲ."

ಪ್ರಶ್ನೆ ಈಗ ಮರ್ಯಾದೆಯದ್ದಾಗಿ ಉಳಿಯಲಿಲ್ಲ, ಎಂಜಲಿನದ್ದಾಯಿತು. ರಕ್ತ ಯಾರದ್ದೆಂದು ತಿಳಿಯದೆ ಯಾರೂ ಬಾಯಿ ತೆರೆಯುವಂತಿಲ್ಲ.

"ವಸಡಿಂದ ಬಿದ್ದಿದ್ರೆ ಉಗುಳೂ ಸೇರಿ ತೆಳ್ಳಗಿರ್ತಿತ್ತು," ಎಂದು ಹೆಂಡತಿ ಬಾಗಿ ನೋಡಿದಳು. "ಇದು ಗಟ್ಟಿ ಇದೆ."

"ನನ್ನದು ಮಾತ್ರೆ ರಕ್ತ. ನೀರಾಗಿರಬೇಕು," ಎಂದರು ಅತ್ತೆ. "ಇದು ನೀರಾಗಿಲ್ಲ."

ಇಬ್ಬರೂ ಒಟ್ಟಿಗೆ ಮಾಸ್ಟರ ಮುಖ ನೋಡಿದರು.

"ನನಗೆ ಮೂಗಲ್ಲಾಗಲಿ ಬಾಯಲ್ಲಾಗಲಿ ಯಾವ ಕಾಯಿಲೆಯೂ ಇಲ್ಲ," ಎಂದು ಮಾಸ್ಟರು ಕ್ಯಾನ್ವಾಸು ತೆಗೆದು ಮೂಗು ಉಜ್ಜಿಕೊಂಡರು.

"ಪಿನ್ನು ತುಟಿಗೆ ಚುಚ್ಚಿದೆಯೇನೋ, ತೋರ್ಸಿ."

"ಚುಚ್ಚಿಲ್ಲ."

"ಹಾಗಾದ್ರೆ ಹೀಗೆ ಮಾಡೋಣ," ಎಂದಳು ಹೆಂಡತಿ. ಮೂರು ಹೊತ್ತು ಅಡುಗೆ ಮಾಡಿ, ಕೈಕೆಲಸ ಮುಗಿಸಿ, ಇಬ್ಬರು ದೊಡ್ಡವರನ್ನು ಸಂಭಾಳಿಸುವವಳ ಬುದ್ಧಿ ಅದು. "ಹನಿ ಮೂರಿವೆ. ನಾವೂ ಮೂವರು. ಒಬ್ಬೊಬ್ಬರು ಒಂದೊಂದು ಹನಿಗೆ ಒತ್ತಿ ನೋಡೋಣ. ಯಾರದ್ದು ಹೋಗುತ್ತೋ ರಕ್ತ ಅವರದ್ದು. ಉಳಿದ ಎರಡನ್ನೂ ಅವರೇ ತೆಗೀಲಿ."

"ಹೋಗದ ಎರಡು ಜನ್ಮದಲ್ಲಿ ಹೋಗಲ್ಲ ಅಂದ್ನಲ್ಲ!"

"ಬೇರೆ ಉಪಾಯ ಇದ್ರೆ ಹೇಳಿ."

ಇರಲಿಲ್ಲ. ಮಾಸ್ಟರು ಗಡಿಯಾರ ನೋಡಿ ಕೈ ಚಾಚಿದರು.

ಹೆಂಡತಿ ರೀಲಿನಿಂದ ಬಿಳಿ ದಾರ ಎಳೆದು ಮೂರು ಪಾಲು ಮಾಡಿ ಹಂಚಿದಳು. ಮೂವರೂ ಮೇಜಿನ ಸುತ್ತ ನಿಂತು ದಾರ ಜಗಿಯತೊಡಗಿದರು. ಕೆಲಹೊತ್ತು ಕೋಣೆಯಲ್ಲಿ ಒಲೆಯ ಸದ್ದು ಮತ್ತು ದವಡೆಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹೊಟ್ಟೆ ತುಂಬಿದ ದನಗಳು ನೆರಳಲ್ಲಿ ಮೆಲುಕು ಹಾಕುವಾಗ ಇರುವಂಥದೇ ಶಾಂತಿ.

ಮೊದಲು ಹೆಂಡತಿ ತನ್ನ ಉಂಡೆಯನ್ನು ಮೊದಲ ಹನಿಗೆ ಒತ್ತಿದಳು. ಒತ್ತಿದಳು, ತೆಗೆದಳು, ತಿರುಗಿಸಿ ಮತ್ತೆ ಒತ್ತಿದಳು. ಹನಿ ಮಾಸಲಾಯಿತು, ಗುಲಾಬಿಯಾಯಿತು, ಹೋಯಿತು.

"ಅಯ್ಯೋ, ನಂದೇ," ಎಂದು ಅವಳು ಕುಗ್ಗಿದಳು.

ಮಾಸ್ಟರು ದೊಡ್ಡ ಮನಸ್ಸಿನಿಂದ ಅವಳ ಬೆನ್ನು ತಟ್ಟಿದರು. ತಪ್ಪು ಇನ್ನೊಬ್ಬರದೆಂದು ಖಚಿತವಾದ ಮೇಲೆ ಅವರಷ್ಟು ಉದಾರಿ ಬೇರೆ ಇರಲಿಲ್ಲ. "ಇರ್ಲಿ ಬಿಡು. ಮನುಷ್ಯರಿಗೆ ಆಗುತ್ತೆ."

ಅಷ್ಟರಲ್ಲಿ ಅತ್ತೆ ಯಾರನ್ನೂ ಕೇಳದೆ ಎರಡನೆಯ ಹನಿಗೆ ತಮ್ಮ ಉಂಡೆ ಒತ್ತಿಬಿಟ್ಟಿದ್ದರು. ಅದೂ ಮಾಸಲಾಯಿತು, ಗುಲಾಬಿಯಾಯಿತು, ಹೋಯಿತು.

"ನಂದೂ ಇತ್ತು," ಎಂದರು ಅತ್ತೆ. ಅವರ ಮುಖದಲ್ಲಿ ಗೆದ್ದವರ ನೆಮ್ಮದಿ.

ಮಾಸ್ಟರು ಯೋಚಿಸಿದರು. ತಾಯಿಯೂ ಮಗಳೂ ಒಂದೊಂದು ಹನಿ ಬೀಳಿಸಿದ್ದಾರೆ. ಮೂರನೆಯದು ಅವರಿಬ್ಬರಲ್ಲಿ ಒಬ್ಬರದಿರಬೇಕು. ಆದರೆ ಇಬ್ಬರೂ ಈಗ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಾರೆ. ತಮ್ಮ ಪಾಲಿನ ದಾರ ಇನ್ನೂ ಬಾಯಲ್ಲಿದೆ. ಒತ್ತಲು ಅಡ್ಡಿಯೇನಿಲ್ಲ, ಹೋಗದಿದ್ದರೆ ತಾವು ನಿರಪರಾಧಿ ಎಂದಾಯಿತು. ಉಂಡೆಯನ್ನು ಹೊರತೆಗೆದರು.

ಉಂಡೆ ಒಣಗಿತ್ತು. ಹೊಸ ರೀಲಿನಿಂದ ಈಗಷ್ಟೇ ಬಿಚ್ಚಿದಂತೆ ಒಣಗಿತ್ತು.

"ಏನಾಯ್ತು?"

"ಬರ್ತಿಲ್ಲ," ಎಂದರು ಮಾಸ್ಟರು. ನಾಲಗೆ ಅಂಗುಳಿಗೆ ಅಂಟಿತ್ತು. ಬೆಳಗಿನಿಂದ ಒಲೆಯ ಮುಂದೆ ಕೂತ ದೇಹ, ಮೇಲೆ ಮೇಟ್ರನ್, ಅದರ ಮೇಲೆ ಸ್ಟೂಲ್. ಬಾಯಲ್ಲಿ ಒಂದು ತೊಟ್ಟು ನೀರಿರಲಿಲ್ಲ.

"ಮದುವೆಯಾದ ದಿನದಿಂದ ನಿಮ್ಮ ಬಾಯಿ ಒಂದು ದಿನ ಒಣಗಿದ್ದು ನಾನು ಕಂಡಿಲ್ಲ," ಎಂದಳು ಹೆಂಡತಿ. "ಒಂದು ಹನಿ ಬೇಕಾದಾಗಲೇ ಹೀಗಾ?"

ಅತ್ತೆ ಒಳಗೆ ಹೋಗಿ ಒಂದು ನಿಂಬೆಹಣ್ಣು, ಒಂದು ಚಾಕು ತಂದರು. ಅಳಿಯನ ಮೂಗಿನ ಕೆಳಗೇ ಹಣ್ಣನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ತಾವೇ ನೆಕ್ಕಿ, ಕಣ್ಣು ಕಿವುಚಿ, ಹಲ್ಲು ಚಳುಕಿದವರಂತೆ ತಲೆ ಒದರಿ ತೋರಿಸಿದರು. ಮಾಸ್ಟರ ದವಡೆ ಮೂಲೆಯಲ್ಲಿ ಏನೋ ಜಿನುಗಿತು.

"ಬಂತು," ಎಂದರು, ಬಾಯಿ ಮುಚ್ಚಿಕೊಂಡೇ.

"ಜಗೀರಿ, ಜಗೀರಿ, ನಿಲ್ಲಿಸಬೇಡಿ."

ಹೆಂಡತಿ ಕೋಟನ್ನು ಎತ್ತಿ ಅವರ ಬಾಯಿಯ ಹತ್ತಿರಕ್ಕೆ ಹಿಡಿದಳು. ಅತ್ತೆ ನಿಂಬೆಹಣ್ಣು ಹಿಂಡುತ್ತ ಹುರಿದುಂಬಿಸಿದರು. ಮಾಸ್ಟರು ಉಂಡೆ ತೆಗೆಯುವ ಗೋಜಿಗೆ ಹೋಗದೆ ಕುತ್ತಿಗೆ ಮುಂದೆ ಚಾಚಿ, ಆಸ್ಪತ್ರೆಯ ಬಿಳಿ ಕೋಟಿನ ಮೇಲೆ ನೇರವಾಗಿ ಉಗುಳಲು ತುಟಿ ಮುಂದೆ ಮಾಡಿದರು.

"ನಾನು ಸ್ವಲ್ಪ ಬೇಗ ಬಂದೆ ಅನ್ಸುತ್ತೆ," ಎಂದಿತು ಬಾಗಿಲಲ್ಲಿ ಒಂದು ದನಿ.

ಮೇಟ್ರನ್ ಎತ್ತರದ ಹೆಂಗಸು. ಬಾಗಿಲಿನ ಚೌಕಟ್ಟನ್ನು ಪೂರ್ತಿ ತುಂಬಿಕೊಂಡು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಕಣ್ಣು ಮಾಸ್ಟರ ತುಟಿಯಿಂದ ಕೋಟಿಗೆ, ಕೋಟಿನಿಂದ ನಿಂಬೆಹಣ್ಣಿಗೆ, ನಿಂಬೆಹಣ್ಣಿನಿಂದ ಕಿಟಕಿಯ ಸಂದಿಯ ಬಟ್ಟೆ ಚೂರುಗಳಿಗೆ ಹೋಗಿ ಒಲೆಯ ಮೇಲೆ ನಿಂತಿತು.

ಉಗುಳಲು ಸಿದ್ಧವಾದದ್ದನ್ನು ಮಾಸ್ಟರು ಗುಳಕ್ಕನೆ ನುಂಗಿದರು, ದಾರದ ಉಂಡೆಯ ಸಮೇತ. "ಬನ್ನಿ ಸಿಸ್ಟರ್, ಕೂತ್ಕೊಳ್ಳಿ," ಎನ್ನಲು ಹೋಗಿ ಕೆಮ್ಮಿದರು. ಕೆಮ್ಮಿದ ರಭಸಕ್ಕೆ ಮೂಗಿನೊಳಗೆ ಏನೋ ಬೆಚ್ಚಗೆ ಸಡಿಲವಾಯಿತು. ಹೆಂಡತಿಯ ಕಣ್ಣು ದೊಡ್ಡದಾದದ್ದು ಕಂಡಿತು.

"ರೀ, ಮೂಗು."

ಒಂದು ಹನಿ ಮೀಸೆಯ ಅಂಚಿಗೆ ಬಂದು ತೂಗುತ್ತಿತ್ತು. ಕೋಟು ಅದರ ಕೆಳಗೇ ಇತ್ತು. ಮಾಸ್ಟರು ಇಡೀ ಜೀವಮಾನದ ಚುರುಕನ್ನು ಒಟ್ಟುಗೂಡಿಸಿ ತಲೆಯನ್ನು ಹಿಂದಕ್ಕೆ ಎತ್ತಿಬಿಟ್ಟರು. ಕೋಟು ಉಳಿಯಿತು. ಆದರೆ ಮೂಗಿನಿಂದ ಹೊರಗೆ ಬರಬೇಕಾದದ್ದು ಒಳದಾರಿ ಹಿಡಿದು ಗಂಟಲಿಗೆ ಇಳಿಯಿತು. ಅವರು ಕ್ಯಾನ್ವಾಸು ಬಾಯಿಗೊತ್ತಿ ಕೆಮ್ಮಿದಾಗ ತುಟಿಯೂ ಹಲ್ಲೂ ಕೆಂಪಾಗಿದ್ದವು.

"ಬಾಯಲ್ಲೂ ರಕ್ತ!" ಎಂದು ಅತ್ತೆ ನಿಂಬೆಹಣ್ಣು ಕೆಳಗೆ ಹಾಕಿದರು.

"ಬಾಯದ್ದಲ್ಲ, ಮೂಗಿನದ್ದೇ ಹಿಂದಿಂದ ಇಳಿದಿದೆ," ಎಂದರು ಮೇಟ್ರನ್, ಮಾರುಕಟ್ಟೆಯಲ್ಲಿ ತರಕಾರಿ ಗುರುತಿಸುವಷ್ಟೇ ಸಹಜವಾಗಿ. ಕೈಚೀಲ ಆಗಲೇ ಕುರ್ಚಿಯ ಮೇಲಿತ್ತು. "ತಲೆ ಹಿಂದಕ್ಕೆ ಹಾಕಬಾರದು. ಕೂತ್ಕೊಂಡು ಮುಂದಕ್ಕೆ ಬಗ್ಗಿ."

"ಮುಂದೆ ಕೋಟಿದೆ," ಎಂದರು ಮಾಸ್ಟರು ಸೂರು ನೋಡುತ್ತ.

"ಬಗ್ಗಿ."

"ಕೋಟು, ಸಿಸ್ಟರ್."

ಮೇಟ್ರನ್ ಹೆಂಡತಿಯ ಕೈಯಿಂದ ಕೋಟನ್ನು ಕಿತ್ತುಕೊಂಡರು. ಇಡಲು ಜಾಗವಿರಲಿಲ್ಲ. ಮೇಜಿನ ಮೇಲೆ ನಿಂಬೆರಸ, ಇನ್ನೊಂದು ತುದಿಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ. ಒಂದು ಗಳಿಗೆ ಅತ್ತಿತ್ತ ನೋಡಿ, ವಾರ್ಡಿಗೆ ಹೊರಡುವವರಂತೆ ಕೋಟನ್ನು ತಾವೇ ತೊಟ್ಟುಕೊಂಡರು.

"ಈಗ ಬಗ್ಗಿ. ಮೂಗಿನ ಮೆತ್ತಗಿನ ಭಾಗ ಇದೆಯಲ್ಲ, ಮೇಲಿನ ಎಲುಬಲ್ಲ, ಇಲ್ಲಿ, ಎರಡು ಬೆರಳಲ್ಲಿ ಬಿಗಿಯಾಗಿ ಹಿಡೀರಿ. ಬಾಯಲ್ಲಿ ಉಸಿರಾಡಿ. ಹತ್ತು ನಿಮಿಷ ಬಿಡಬಾರದು, ನಿಂತಿತಾ ಅಂತ ನಡುವೆ ಬಿಟ್ಟು ನೋಡಬಾರದು. ಮಾತೂ ಬೇಡ."

ಮಾತು ಬೇಡ ಎಂಬುದು ಔಷಧವೋ ಶಿಕ್ಷೆಯೋ ಎಂದು ಮಾಸ್ಟರಿಗೆ ತಿಳಿಯಲಿಲ್ಲ. ಅವರು ಬಗ್ಗಿ, ಮೂಗು ಹಿಡಿದು, ನೆಲವನ್ನೂ ಮೇಟ್ರನ್‌ರ ಬೂಟುಗಳನ್ನೂ ನೋಡುತ್ತ ಕೂತರು. ತಲೆಯ ಮೇಲೆ ಹೆಂಗಸರ ಮಾತು ಸಾಗಿತು.

ಮೇಟ್ರನ್ ಮೊದಲು ಒಲೆ ಆರಿಸಿದರು, ಆಮೇಲೆ ಕಿಟಕಿಯ ಸಂದಿಯ ಚೂರುಗಳನ್ನು ಕಿತ್ತು ಕದ ತೆರೆದರು. ಬೀದಿಯ ತಂಪು ಗಾಳಿ ಒಳಬಂದು ಸೀಮೆಸುಣ್ಣದ ಪುಡಿಯನ್ನು ಎಬ್ಬಿಸಿತು. "ಒಣ ಬಿಸಿಗಾಳಿ, ಪುಡಿ, ಮೇಲೆ ಗೋಣಿಯಂಥ ಬಟ್ಟೇಲಿ ಉಜ್ಜೋದು. ಮೂಗಿನ ಒಳಚರ್ಮ ಕಾಗದಕ್ಕಿಂತ ತೆಳು. ಇಷ್ಟು ಹೊತ್ತು ತಡೆದದ್ದೇ ಹೆಚ್ಚು." ಕ್ಯಾನ್ವಾಸಿನ ಕಡುಗೆಂಪು ತುಂಡನ್ನು ಎತ್ತಿ ಕೈಚೀಲದಿಂದ ತೆಗೆದ ಬಿಳಿ ಹತ್ತಿಯಿಂದ ಒತ್ತಿದರು. ಹತ್ತಿ ಕೆಂಪಾಯಿತು. "ಬೆಳಿಗ್ಗೆಯಿಂದ ಬರ್ತಾ ಇದೆ. ಈ ಬಣ್ಣದಲ್ಲಿ ಗೊತ್ತಾಗಿಲ್ಲ. ಮೂಗಲ್ಲಿ ಬೆರಳು ಹಾಕೋ ಅಭ್ಯಾಸ ಇದೆಯಾ?"

ಮೂರೂ ಜೊತೆ ಕಣ್ಣುಗಳು ತಮ್ಮ ನೆತ್ತಿಯ ಮೇಲೆ ಬಿದ್ದದ್ದು ಮಾಸ್ಟರಿಗೆ ಗೊತ್ತಾಯಿತು. ಮಾತು ಬೇಡ ಎಂದಿದ್ದಾರಲ್ಲ ಎಂದು ಸಮಾಧಾನಪಟ್ಟರು.

"ಇದೆ," ಎಂದರು ಅತ್ತೆ.

ಆ ಮೇಲೆ ಎಲ್ಲ ಹೊರಬಂತು. ಮೂರು ಹನಿ, ಮೂರು ಉಂಡೆ, ಹಿರಿಯ ದರ್ಜಿಯ ವಿದ್ಯೆ. ಹೆಂಡತಿ ಒಂದನ್ನೂ ಬಿಡದೆ ಹೇಳಿದಳು. ಮೇಟ್ರನ್ ನಡುವೆ ನಡುವೆ ಹೂಂ ಎಂದರು. ಹೆಂಡತಿಯ ವಸಡು ನೋಡಿ, "ಬ್ರಶ್ಶು ಮೆತ್ತಗಿನದು ತಗೊಳ್ಳಿ, ಉಜ್ಜೋದು ಬಿಡಬೇಡಿ. ವಾರ ಕಳೆದ್ರೂ ಬಂದ್ರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ದಾರಕ್ಕೆ ಕತ್ತರಿ ಇದೆ" ಎಂದರು. ಅತ್ತೆಗೆ, "ಮಾತ್ರೆ ನೀವೇ ನಿಲ್ಲಿಸಬೇಡಿ. ಸೀನಿದಾಗಲೆಲ್ಲ ಬರುತ್ತೆ ಅಂತ ಡಾಕ್ಟರಿಗೆ ಹೇಳಿ" ಎಂದರು.

"ಹಾಗಾದ್ರೆ ಕೋಟಿನ ಮೇಲೆ ಬಿದ್ದದ್ದು?" ಎಂದು ಹೆಂಡತಿ ಕೇಳಿದಳು.

"ಮೂರೂ ಇವರದ್ದೇ. ಬಗ್ಗಿ ಕೆಲಸ ಮಾಡುವಾಗ ನೇರ ಬಿದ್ದಿವೆ, ನೋಡಿ, ನೀವು ಒತ್ತಿದ ಎರಡು ಒದ್ದೆ ಗುರುತು, ಈ ಹನಿ, ಒಂದೇ ಸಾಲು."

"ನಮ್ಮ ಎಂಜಲಿಗೂ ಹೋಯ್ತಲ್ಲ?"

"ಹಸಿ ಕಲೆ, ಯಾರ ಎಂಜಲಿಗಾದ್ರೂ ಹೋಗುತ್ತೆ. ತಣ್ಣೀರಿಗೂ ಹೋಗ್ತಿತ್ತು."

ಅತ್ತೆ ನಿಂಬೆಹಣ್ಣಿನ ಹೋಳನ್ನು ನೆಲದಿಂದ ಎತ್ತಿಕೊಂಡರು. ಮಾಸ್ಟರ ಕಿವಿಗಳು ಬಿಸಿಯಾದವು. ಹೇಳಬೇಕಾದದ್ದು ಒಂದೇ ಉಳಿದಿತ್ತು, ಅದಕ್ಕೆ ಹತ್ತು ನಿಮಿಷ ಕಾಯುವಷ್ಟು ತಾಳ್ಮೆ ಅವರಲ್ಲಿರಲಿಲ್ಲ.

"ಬೂರನೇ ಹನಿ ಇನ್ನೂ ಇದೆ ಸಿಸ್ಟರ್," ಎಂದರು ಮೂಗು ಬಿಡದೆ. "ಹೊಸ ಕೋಟಿಗೆ ಕಲೆ ಬಾಡಿ ಕೊಟ್ಟೆ. ಎದುರಿನ ಅಂಗಡಿಗೇ ಕೊಡಿ. ತಪ್ಪಿಲ್ಲ."

"ಕಲೆಗೇನಂತೆ? ಹೊಸ ಕೋಟು ಎಷ್ಟೇ ಬೆಳ್ಳಗಿರಲಿ, ನಮ್ಮಲ್ಲಿ ತೊಡೋಕೆ ಮುಂಚೆ ಒಂದು ಸಲ ಕುದಿಸಿ ಒಗೀತಾರೆ," ಎಂದರು ಮೇಟ್ರನ್. "ಮೊದಲು ಆ ಹನಿ ತಣ್ಣೀರಲ್ಲಿ ತೆಗೆದುಕೊಡಿ, ಅಷ್ಟೆ. ನಾನು ನೋಡೋಕೆ ಬಂದದ್ದು ಬೇರೆ."

ಮಾಸ್ಟರು ಬಗ್ಗಿದಲ್ಲಿಯೇ ಕಣ್ಣು ಮುಚ್ಚಿದರು. ಮುಚ್ಚಿದ ಕಿಟಕಿಗಳು, ನಿಲ್ಲಿಸಿದ ಫ್ಯಾನು, ಒಗೆದ ಹಾಸಿಗೆ ವಸ್ತ್ರ, ಎಲ್ಲ ಒಂದು ದೊಡ್ಡ ಹಂಡೆಯಲ್ಲಿ ಕೊತಕೊತ ಕುದಿಯುವುದು ಕಂಡಿತು.

ಮೇಟ್ರನ್ ಈಗ ತಾವು ತೊಟ್ಟ ಕೋಟಿನತ್ತ ನೋಡಿಕೊಂಡರು. ಕೈಗಳನ್ನು ಮೇಲೆತ್ತಿದರು, ಇಳಿಸಿದರು, ರೋಗಿಯನ್ನು ಎತ್ತುವಂತೆ ಬಾಗಿದರು. "ಹೆಗಲು ಚೆನ್ನಾಗಿ ಕೂತಿದೆ," ಎಂದರು. ಗುಂಡಿಯೊಂದನ್ನು ಹಿಡಿದು ಎಳೆದರು. ಗುಂಡಿ ಕದಲಲಿಲ್ಲ. ಆಮೇಲೆ ಎರಡೂ ಕೈಯನ್ನು ಜೇಬುಗಳಲ್ಲಿ ಇಳಿಸಿ, ಮುಷ್ಟಿ ಕಟ್ಟಿ, ಕೆಳಕ್ಕೆ ಜಗ್ಗಿದರು. ಮಾಸ್ಟರು ಉಸಿರು ಬಿಗಿಹಿಡಿದರು. ಹರಿಯುವ ಸದ್ದು ಬರಲಿಲ್ಲ.

"ಕತ್ತರಿ, ಥರ್ಮಾಮೀಟರ್, ಬೀಗದ ಕೈ, ಅರ್ಧ ತಿಂದ ಬಿಸ್ಕತ್ತು, ಎಲ್ಲ ಜೇಬಿಗೇ ಹೋಗುತ್ತೆ. ಎದುರಿನ ಅಂಗಡಿಯ ಕೋಟು ತಿಂಗಳಲ್ಲಿ ಇಲ್ಲೇ ಹರೀತು. ಆ ಗುಂಡಿಯೂ ಅಷ್ಟೆ. ಇದು ಗಟ್ಟಿ ಇದೆ." ಮೇಟ್ರನ್ ಜೇಬಿನ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಎಲ್ಲ ಕೋಟಿಗೂ ಈ ಹೊಲಿಗೆಯೇ ಬೇಕು. ನಾಳೆ ಬಟ್ಟೆ ಕಳಿಸ್ತೀನಿ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅತ್ತೆ ನಿಂಬೆಯ ಹೋಳನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಇಬ್ಬರೂ ಮಾಸ್ಟರು ಏನು ಹೇಳುತ್ತಾರೆಂದು ಕಾಯುತ್ತಿದ್ದರು. ಅವರು ಸುಮ್ಮನಿದ್ದರೆ ಆ ಹೊಲಿಗೆ ಅವರದ್ದೇ ಆಗಿ ಉಳಿಯುತ್ತಿತ್ತು. ಮೂಗು ಮುಚ್ಚಿಕೊಂಡ ಮನುಷ್ಯ ಸುಮ್ಮನಿದ್ದರೆ ಯಾರು ತಾನೇ ತಪ್ಪೆನ್ನುತ್ತಾರೆ?

ಮೇಟ್ರನ್ ಕೋಟು ಕಳಚುತ್ತ ಕೇಳಿದರು. "ಒಂದೇ ಕೈ ಕೆಲಸ ಅಂದಿದ್ರಲ್ಲ, ಮಾಸ್ಟರ್. ಇಷ್ಟೂ ಕೋಟು ನಿಮ್ಮೊಬ್ಬರ ಕೈಲಿ ಆಗುತ್ತಾ?"

ಮಾಸ್ಟರು ತಲೆ ಎತ್ತಿದರು. ಖಾಲಿಯಿದ್ದ ಕೈಯಿಂದ ಮೊದಲು ಜೇಬನ್ನು, ಆಮೇಲೆ ಹೆಂಡತಿಯನ್ನು ತೋರಿಸಿದರು. ಗುಂಡಿಯನ್ನು ತೋರಿಸಿದರು, ಅತ್ತೆಯನ್ನು ತೋರಿಸಿದರು.

"ಒಂದಲ್ಲ ಸಿಸ್ಟರ್," ಎಂದರು ಮೂಗಿನಿಂದ. "ಆರು ಕೈ."

"ಐದು," ಎಂದಳು ಹೆಂಡತಿ. "ಇವರದ್ದೊಂದು ಮೂಗಿನ ಮೇಲಿದೆ."